ಕೂಸಿಂದಾತು, ನಿಮ್ದು ಹೇಳ್ರಿ: ಹೆರಿಗೆಯ ನಂತರದ ದಿನಗಳ ಅನುಭವ

ಕಳೆದ ಮಳೆಗಾಲದಲ್ಲಿ ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನನ್ನ ಮೊದಲ ಹೆರಿಗೆಯಾಯಿತು. ರಾತ್ರಿಯಿಡೀ ನೋವು ತಿಂದರೂ ಗರ್ಭಕೋಶದ ಬಾಯಿ ಪೂರ್ತಿ ತೆರೆಯಲಿಲ್ಲ. ಬೆಳಗಿನ ಹೊತ್ತಿಗೆ ಮಗುವಿನ ಎದೆಬಡಿತ ಇಳಿಯತೊಡಗಿದ್ದರಿಂದ ಸಿಸೇರಿಯನ್ ಮಾಡಿದರು. ಮಗಳು ಆರೋಗ್ಯವಾಗಿದ್ದಳು. ಮನೆಗೆ ಕಳಿಸುವ ದಿನ ಕೈಗಿತ್ತ ಕಡತದಲ್ಲಿ ಅವಳ ತೂಕ, ರಕ್ತದ ಗುಂಪು, ಹಾಕಿದ ಬಿಸಿಜಿ, ಪೋಲಿಯೊ ಮತ್ತು ಹೆಪಟೈಟಿಸ್-ಬಿ ಲಸಿಕೆಗಳು, ಮುಂದಿನ ಲಸಿಕೆಯ ದಿನಾಂಕ ಎಲ್ಲವೂ ಅಚ್ಚುಕಟ್ಟಾಗಿದ್ದವು. ನನ್ನ ಬಗ್ಗೆ ಇದ್ದದ್ದು ಶಸ್ತ್ರಚಿಕಿತ್ಸೆಯ ಹೆಸರು, ‘ತಾಯಿ ಸ್ಥಿರ’ ಎಂಬ ಮಾತು, ಮಾತ್ರೆಗಳ ಪಟ್ಟಿ ಮತ್ತು ಹೊಲಿಗೆ ತೋರಿಸಲು ಬರಬೇಕೆಂಬ ಸೂಚನೆ, ಅಷ್ಟೇ. ಎಷ್ಟು ರಕ್ತ ಹೋಯಿತು, ಹೆರಿಗೆಯ ಮರುದಿನ ಹಿಮೋಗ್ಲೋಬಿನ್ ಎಷ್ಟಿತ್ತು ಎಂಬುದು ಅದರಲ್ಲಿ ಇರಲಿಲ್ಲ. ಆ ಎರಡು ಅಂಕಿಗಳಿಗಾಗಿ ಮುಂದೆ ಎಷ್ಟು ಅಲೆದೆವು ಎಂಬುದನ್ನು ಆಮೇಲೆ ಹೇಳುತ್ತೇನೆ.

ಬಿಲ್ಲು ಅರವತ್ತು ಸಾವಿರ ದಾಟಿತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿಕೊಳ್ಳುವವರಿಗೆ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸಹಜ ಹೆರಿಗೆಯೂ ಸಿಸೇರಿಯನ್ನೂ ಉಚಿತ. ಔಷಧಿ, ಪರೀಕ್ಷೆ, ಬೇಕಾದರೆ ರಕ್ತ, ಸಹಜ ಹೆರಿಗೆಗೆ 3 ದಿನ ಮತ್ತು ಸಿಸೇರಿಯನ್‌ಗೆ 7 ದಿನದವರೆಗಿನ ಊಟ, ಮನೆಗೆ ಬಿಡುವ ವಾಹನ ಎಲ್ಲವೂ ಅದರಲ್ಲಿ ಸೇರಿವೆ. ನಾವು ಖಾಸಗಿಗೆ ಹೋದದ್ದು ಮನೆಗೆ ಹತ್ತಿರವೆಂಬ ಕಾರಣಕ್ಕೆ.

ಅಲ್ಲಿಂದ ರೋಣ ತಾಲ್ಲೂಕಿನ ತವರಿಗೆ ಬಂದೆ. ಬಾಣಂತನ ನಮ್ಮ ಕಡೆಯ ಪದ್ಧತಿಯಂತೆಯೇ ನಡೆಯಿತು. ಪಡಸಾಲೆಯ ಪಕ್ಕದ ಕೋಣೆ, ಹೊರಸು, ಅದರ ಕೆಳಗೆ ಕೆಂಡದ ಅಗ್ಗಿಷ್ಟಿಗೆ, ತಲೆಗೆ ಸ್ಕಾರ್ಫು, ಕಿವಿಗೆ ಅರಳೆ, ಮುಂಜಾನೆ ಎಣ್ಣೆನೀರು, ಲೋಬಾನದ ಹೊಗೆ, ಬಿಸಿ ರೊಟ್ಟಿಯ ಜೊತೆ ಬಳ್ಳೊಳ್ಳಿ ಹಾಕಿದ ಮೆಂತೆ ಪಲ್ಲೆ, ನಡುವೆ ಅಂಟಿನುಂಡಿ. ಈ ಪದ್ಧತಿಯನ್ನು ಇಡಿಯಾಗಿ ಹಳಿಯುವವರ ಪಂಗಡಕ್ಕೆ ನಾನು ಸೇರಿದವಳಲ್ಲ. ಅಡುಗೆ, ಬಟ್ಟೆ, ಕೂಸಿನ ಸ್ನಾನ, ಬಂದವರಿಗೆ ಚಹಾ ಇವು ಯಾವುದೂ ನನ್ನ ತಲೆಯ ಮೇಲೆ ಬೀಳಲಿಲ್ಲ. ನಗರದ ಫ್ಲ್ಯಾಟುಗಳಲ್ಲಿ ಹೆತ್ತು ಹತ್ತನೆಯ ದಿನಕ್ಕೆ ಒಲೆಯ ಮುಂದೆ ನಿಲ್ಲುವ ಗೆಳತಿಯರನ್ನು ನೋಡಿದರೆ ಇದರ ಬೆಲೆ ತಿಳಿಯುತ್ತದೆ. ಆದರೆ ಮುಚ್ಚಿದ ಕೋಣೆಯಲ್ಲಿ ಕೆಂಡ ಇಡುವುದು ತಾಯಿಗೂ ಕೂಸಿಗೂ ನಿಜವಾದ ಅಪಾಯ, ಕಿಟಕಿ ತೆರೆದಿರಲೇಬೇಕು. ನೀರಿನ ವಿಷಯದಲ್ಲಂತೂ ನಾನು ಅವ್ವನ ಜೊತೆ ದಿನವೂ ಜಗಳಾಡಬೇಕಾಯಿತು. “ನೀರ ಭಾಳ ಕುಡದ್ರ ಹೊಟ್ಟಿ ಬರ್ತೈತಿ” ಎಂದು ಅವಳು ಲೋಟದ ಅರ್ಧಕ್ಕೇ ನಿಲ್ಲಿಸುತ್ತಿದ್ದಳು. ಹಾಲೂಡಿಸುವ ಮೈಗೆ ನೀರು ಹೆಚ್ಚೇ ಬೇಕು. ಅದರ ಮೇಲೆ ಕಬ್ಬಿಣದ ಮಾತ್ರೆ ಬೇರೆ ಮಲವನ್ನು ಗಟ್ಟಿ ಮಾಡುತ್ತದೆ. ಕೆಲವೇ ದಿನಗಳಲ್ಲಿ ಮಲವಿಸರ್ಜನೆಯ ನೋವು ಹೊಟ್ಟೆಯ ಹೊಲಿಗೆಯ ನೋವನ್ನೂ ಮೀರಿಸಿತು. ಪ್ರತಿ ಸಲ ಹಾಲು ಕುಡಿಸಲು ಕೂತಾಗ ಒಂದು ತಂಬಿಗೆ ನೀರು ಪಕ್ಕದಲ್ಲಿರಲಿ ಎಂದು ಆಶಾ ಕಾರ್ಯಕರ್ತೆ ಅವ್ವನ ಎದುರೇ ಹೇಳಿದ ಮೇಲೆ ಆ ಜಗಳ ನಿಂತಿತು.

ಹೊಲಿಗೆಯ ಕಥೆ ಬೇರೆ. ಹೊಟ್ಟೆಗೆ ಬಿಗಿದು ಸುತ್ತುತ್ತಿದ್ದ ಹಳೆಯ ಸೀರೆಯ ಪಟ್ಟಿಯನ್ನು ಒಂದು ಸಂಜೆ ಬಿಚ್ಚಿದಾಗ ಅದರ ಮೇಲೆ ರೂಪಾಯಿ ನಾಣ್ಯದಷ್ಟು ಹಳದಿ ಕಲೆ ಇತ್ತು. ಗಾಯದ ಬಲತುದಿ ಒತ್ತಿದರೆ ಬಿಸಿ, ಮೈಯಲ್ಲಿ ಸಣ್ಣ ಜ್ವರ. ಎಣ್ಣೆನೀರಿನ ಎಣ್ಣೆ ಗಾಯದ ಮೇಲೂ ಇಳಿಯುತ್ತಿದ್ದದ್ದು, ಪಟ್ಟಿಯ ಕೆಳಗೆ ಬೆವರು ನಿಲ್ಲುತ್ತಿದ್ದದ್ದು ಎರಡೂ ಸೇರಿ ಹೀಗಾಯಿತೆಂದು ತಾಲ್ಲೂಕು ಆಸ್ಪತ್ರೆಯ ವೈದ್ಯೆ ಹೇಳಿದರು. ಹಾಲೂಡಿಸುವವರಿಗೆ ಹೊಂದುವ ಆ್ಯಂಟಿಬಯೋಟಿಕ್ ಕೊಟ್ಟು, ದಿನಬಿಟ್ಟು ದಿನ ಡ್ರೆಸ್ಸಿಂಗ್ ಮಾಡಿದರು. ಗಾಯ ತೊಳೆದು, ಮೆತ್ತನೆಯ ಬಟ್ಟೆಯಿಂದ ಒತ್ತಿ ಒಣಗಿಸಿ, ಗಾಳಿಯಾಡಲು ಬಿಟ್ಟದ್ದಷ್ಟೇ ಮನೆಯಲ್ಲಿ ಮಾಡಿದ ಉಪಚಾರ.

ಇಲ್ಲಿಯೇ ಒಂದು ಮಾತು ಸೇರಿಸಿಬಿಡುತ್ತೇನೆ. ಹೆರಿಗೆಯಾದ ಆರು ವಾರಗಳೊಳಗೆ ಚಳಿಯೊಂದಿಗೆ ಜ್ವರ, ದುರ್ವಾಸನೆಯ ಸ್ರಾವ, ಒಂದು ಗಂಟೆಗೇ ಪ್ಯಾಡ್ ತೊಯ್ದುಹೋಗುವಷ್ಟು ರಕ್ತ, ಕಣ್ಣು ಮಂಜಾಗುವಂಥ ತಲೆನೋವು, ಒಂದೇ ಕಾಲಿನ ಮೀನಖಂಡದಲ್ಲಿ ನೋವು ಮತ್ತು ಬಾವು, ಉಸಿರಾಡಲು ಕಷ್ಟ ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದಿಗೆ ಕಾಯದೆ 108ಕ್ಕೆ ಕರೆ ಮಾಡಬೇಕು. ರಕ್ತದೊತ್ತಡದ ತೊಂದರೆ ಹೆರಿಗೆಯೊಂದಿಗೆ ಮುಗಿಯಿತು ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಅದು ಹೆರಿಗೆಯ ನಂತರವೂ ಏರಬಹುದು.

ಗಾಯ ಮಾಯುತ್ತಿದ್ದಂತೆ ನಾನು ಗೆಲುವಾಗಬೇಕಿತ್ತು. ಆಗಲಿಲ್ಲ. ಮೊದಲ ವಾರದ ಅಳು ಬಹಳಷ್ಟು ಬಾಣಂತಿಯರಿಗೆ ಬರುತ್ತದೆಂದು ಓದಿದ್ದೆ: ಹೆರಿಗೆಯಾದ ಎರಡು-ಮೂರು ದಿನಕ್ಕೆ ಶುರುವಾಗಿ ಎರಡು ವಾರಗಳೊಳಗೆ ತಾನೇ ಹೋಗುವಂಥದ್ದು. ನನ್ನದು ಹೋಗಲಿಲ್ಲ. ತೊಟ್ಟಿಲ ಕಾರ್ಯದ ದಿನ ಮನೆ ತುಂಬ ನೆಂಟರು, ಹಾಡು, ಗುಗ್ಗರಿ. ಅದೆಲ್ಲ ಪಕ್ಕದ ಮನೆಯಲ್ಲಿ ನಡೆಯುತ್ತಿದೆ ಎನ್ನಿಸುತ್ತಿತ್ತು. ಕೂಸು ಮಲಗಿದಾಗಲೂ ನನಗೆ ನಿದ್ದೆ ಇಲ್ಲ. ಹಸಿವು ಇಲ್ಲ. ಇವುಗಳಿಗಿಂತ ಹೆಚ್ಚು ಹೆದರಿಸಿದ್ದು ಒಂದು ದೃಶ್ಯ: ಅಗ್ಗಿಷ್ಟಿಗೆಯ ಹತ್ತಿರ ಹೋದರೆ ಸಾಕು, ಮಗಳು ನನ್ನ ಕೈಯಿಂದ ಜಾರಿ ಅದರೊಳಗೆ ಬಿದ್ದಂತೆ ಕಣ್ಣಮುಂದೆ ಬರುತ್ತಿತ್ತು. ಬೇಡವೆಂದಷ್ಟೂ ಬರುತ್ತಿತ್ತು. ಯಾರಿಗೂ ಹೇಳಲಿಲ್ಲ, ಹೇಳಿದರೆ ಕೂಸನ್ನು ನನ್ನಿಂದ ದೂರವಿಡುತ್ತಾರೆಂಬ ಭಯ. ಬದಲಿಗೆ ಮಗಳನ್ನು ಎತ್ತಿಕೊಳ್ಳುವುದನ್ನೇ ಕಡಿಮೆ ಮಾಡಿದೆ. “ಕೂಸಿನ ಮ್ಯಾಲ ಮಾಯೆ ಇಲ್ಲ ಈಕೀಗೆ” ಎಂದು ಬಂದ ಒಬ್ಬ ದೊಡ್ಡಮ್ಮ ಅಡುಗೆಮನೆಯಲ್ಲಿ ಆಡಿದ್ದು ನನ್ನ ಕಿವಿಗೂ ಬಿತ್ತು, ಅರಳೆ ಇಟ್ಟುಕೊಂಡಿದ್ದರೂ.

ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿ-ಮಗುವನ್ನು ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೆಯ ದಿನಗಳಂದು ಮನೆಗೆ ಬಂದು ನೋಡಬೇಕೆಂಬ ನಿಯಮವಿದೆ. ನನ್ನ ‘ತಾಯಿ ಕಾರ್ಡ್’, ಅಂದರೆ ಬಸಿರು-ಬಾಣಂತನದ ನೋಂದಣಿ ಕಾರ್ಡು, ಹುಬ್ಬಳ್ಳಿಯದಾದ್ದರಿಂದ ತವರೂರಿನ ಆಶಾ ಅವರ ಪಟ್ಟಿಯಲ್ಲಿ ನನ್ನ ಹೆಸರೇ ಇರಲಿಲ್ಲ. ಬಾಣಂತನಕ್ಕೆ ತವರಿಗೆ ಹೋಗುವ ಎಲ್ಲರಿಗೂ ಈ ತೊಡಕು ಇದೆ: ಗಂಡನ ಊರಿನಲ್ಲಿ ನೋಂದಣಿ, ಕೂಸು ಇನ್ನೊಂದು ತಾಲ್ಲೂಕಿನಲ್ಲಿ. ಊರು ತಲುಪಿದ ಕೂಡಲೇ ತಾಯಿ ಕಾರ್ಡ್ ಹಿಡಿದು ಅಲ್ಲಿಯ ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಗೆ ತಿಳಿಸುವುದು ಒಳ್ಳೆಯದು. ನಮ್ಮಲ್ಲಿ ಅವ್ವನೇ ಹೋಗಿ ಹೇಳಿಬಂದಿದ್ದಳು.

ಆ ಕಾರ್ಯಕರ್ತೆ ಒಂದು ಮಧ್ಯಾಹ್ನ ಬಂದು, ಮಗಳನ್ನು ತೂಕದ ಜೋಳಿಗೆಯಲ್ಲಿ ತೂಗಿ, ಮುಳ್ಳು ನಿಂತ ಮೇಲೆ ಅಂಕಿ ಬರೆದುಕೊಂಡು, ಪುಸ್ತಕ ಮುಚ್ಚಿದರು. ಎದ್ದು ಹೋಗುತ್ತಾರೆ ಎಂದುಕೊಂಡೆ. ಅವರು ಹೊರಸಿನ ಅಂಚಿಗೆ ಕೂತು, “ಕೂಸಿಂದಾತು, ನಿಮ್ದು ಹೇಳ್ರಿ ಅಕ್ಕಾರ. ನಿದ್ದಿ ಬರ್ತೈತೇನು?” ಎಂದರು. ನಿದ್ದೆ ಇಲ್ಲವೆಂದೆ. “ಊಟ?” ಇಲ್ಲವೆಂದೆ. “ಮನಸಿಗೆ ಕೆಟ್ಟ ವಿಚಾರ ಬರ್ತಾವೇನು?” ಅದಕ್ಕೆ ನಾನು ಉತ್ತರ ಕೊಡುವ ಮೊದಲೇ ಅಳು ಬಂತು. ಅವರು ಸಮಾಧಾನದ ಮಾತು ಹೆಚ್ಚು ಆಡಲಿಲ್ಲ. ಅವ್ವನನ್ನು ಕರೆದು, ಇದು ದೃಷ್ಟಿಯಲ್ಲ, ಆಲಸ್ಯವಲ್ಲ, ಇದಕ್ಕೆ ಡಾಕ್ಟರು ಇದ್ದಾರೆ, ಆರು ವಾರದ ತಪಾಸಣೆಗೆ ಹೋದಾಗ ಇದನ್ನೂ ಹೇಳಬೇಕು ಎಂದರು.

ಹೆತ್ತ ಆಸ್ಪತ್ರೆಗೆ ಆರು ವಾರದ ತಪಾಸಣೆಗೆ ಹೋದೆವು. ಅರ್ಧ ದಿನ ಕಾದ ಮೇಲೆ ಒಳಗೆ ಕರೆದರು. ಗಾಯ ನೋಡಿದರು, ಮುಂದಿನ ಮಗುವಿನ ನಡುವೆ ಅಂತರವಿಡಲು ಕಾಪರ್-ಟಿ ಮತ್ತು ಮೂರು ತಿಂಗಳಿಗೊಮ್ಮೆ ಚುಚ್ಚುವ ಅಂತರಾ ಇಂಜೆಕ್ಷನ್ ಬಗ್ಗೆ ವಿವರಿಸಿದರು, ಆ ಭಾಗ ಚೆನ್ನಾಗಿಯೇ ಇತ್ತು. ನಿದ್ದೆ ಇಲ್ಲ, ಮನಸ್ಸು ಸರಿಯಿಲ್ಲ ಎಂದಾಗ ಮಾತ್ರ, ಮೊದಲ ಮಗುವಿನಲ್ಲಿ ಎಲ್ಲರಿಗೂ ಹಾಗೆಯೇ, ಕೂಸಿನ ಕಡೆ ಗಮನ ಕೊಡಿ ಎಂಬ ಉತ್ತರ ಬಂತು. ರಕ್ತ ಪರೀಕ್ಷೆ ಬರೆಯಲಿಲ್ಲ.

ಆ ರಾತ್ರಿ ನಮ್ಮ ಮನೆಯವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ ನನ್ನ ಕೈಗೆ ಫೋನು ಕೊಟ್ಟರು. ಆ ಕಡೆಯ ಹೆಣ್ಣುಮಗಳು ಕನ್ನಡದಲ್ಲಿಯೇ ಮಾತನಾಡಿದರು. ನನಗಾಗಲಿ ಕೂಸಿಗಾಗಲಿ ಕೇಡು ಮಾಡಿಕೊಳ್ಳುವ ಮನಸ್ಸಿದೆಯೇ ಎಂದು ನೇರವಾಗಿ ಕೇಳಿದರು. ಹಾಗೆ ನೇರವಾಗಿ ಕೇಳಿದ್ದರಿಂದಲೇ ಆ ಅಗ್ಗಿಷ್ಟಿಗೆಯ ದೃಶ್ಯವನ್ನು ಮೊದಲ ಬಾರಿ ಬಾಯಿಬಿಟ್ಟು ಹೇಳಲು ಸಾಧ್ಯವಾಯಿತು. ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆಯಾದ ಡಿಮ್ಹಾನ್ಸ್‌ಗೆ ಅಥವಾ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೆ ತಡಮಾಡದೆ ಹೋಗಬೇಕೆಂದು ಸೂಚಿಸಿದರು.

ಡಿಮ್ಹಾನ್ಸ್ ಎಂದ ಕೂಡಲೇ ಮನೆಯಲ್ಲಿ ಗಲಾಟೆ. ಯಾರಾದರೂ ಅಸಂಬದ್ಧ ಮಾತಾಡಿದರೆ ‘ಧಾರವಾಡಕ್ಕ ಕಳಸಬೇಕು’ ಎಂದು ನಗುವುದು ನಮ್ಮ ಕಡೆಯ ರೂಢಿ; ಬೆಳಗಾವಿ ರಸ್ತೆಯ ಆ ಆಸ್ಪತ್ರೆಯನ್ನು ಕುರಿತೇ ಆ ಮಾತು. “ಮಂದಿ ಏನಂದಾರು? ಗದಗಿನ್ಯಾಗ ತೋರಿಸಿದ್ರ ಆಗಂಗಿಲ್ಲೇನು?” ಎಂದರು ಅತ್ತೆ. ಗದಗಿನಲ್ಲೂ ಆಗುತ್ತಿತ್ತು, ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರು ಇದ್ದಾರೆ. ಆದರೆ ನಮ್ಮ ಮನೆ ಹುಬ್ಬಳ್ಳಿಯಲ್ಲಿ, ಅಲ್ಲಿಂದ ಚಿಗರಿ ಬಸ್ಸು ಹತ್ತಿದರೆ ಧಾರವಾಡ ಹತ್ತಿರ, ಮುಂದಿನ ಭೇಟಿಗಳಿಗೂ ಅನುಕೂಲ. ಕೊನೆಗೆ ಅತ್ತೆಯೇ ಕೂಸನ್ನು ನೋಡಿಕೊಳ್ಳಲು ಜೊತೆಗೆ ಬಂದರು.

ಬೆಳಗ್ಗೆ ಬೇಗ ಹೋಗಬೇಕು. ನಾವು ಹೋದಾಗಲೇ ಹೊರರೋಗಿ ವಿಭಾಗದಲ್ಲಿ ಸಾಲು ಬೆಳೆದಿತ್ತು. ಸುತ್ತಲಿನ ಜಿಲ್ಲೆಗಳಿಂದ ಬಂದ ಜನ, ಬುತ್ತಿಯ ಗಂಟಿನ ಸಮೇತ. ನಾನು ಭಯಪಟ್ಟಂಥದ್ದು ಅಲ್ಲಿ ಏನೂ ಇರಲಿಲ್ಲ. ಬೇರೆ ಯಾವ ಸರ್ಕಾರಿ ಆಸ್ಪತ್ರೆಯಲ್ಲಿಯೂ ಕಾಣುವ ಬೆಂಚು, ಬೆಂಚಿನ ಮೇಲೆ ಕಾದು ಬೇಸತ್ತ ಮುಖಗಳು. ಚೀಟಿಗೆ ಕೊಟ್ಟದ್ದು ಚಹಾದ ದುಡ್ಡಿನಷ್ಟು. ಆಧಾರ್ ಕಾರ್ಡ್, ಪಡಿತರ ಚೀಟಿ, ತಾಯಿ ಕಾರ್ಡ್, ಬಿಡುಗಡೆಯ ಕಡತ ಮತ್ತು ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಜೊತೆಗಿರಲಿ. ಕೂಸಿಗೆ ಎರಡು ಜೊತೆ ಹೆಚ್ಚಿನ ಬಟ್ಟೆ, ನಿಮಗೆ ಊಟ ಮತ್ತು ನೀರು. ಮೊದಲು ಕಿರಿಯ ವೈದ್ಯರು ದೀರ್ಘವಾಗಿ ವಿವರ ಬರೆದುಕೊಳ್ಳುತ್ತಾರೆ, ಆಮೇಲೆ ಹಿರಿಯರು ನೋಡುತ್ತಾರೆ. ಆದ್ದರಿಂದ ಇಡೀ ದಿನ ಬಿಡುವು ಮಾಡಿಕೊಂಡೇ ಹೋಗಬೇಕು.

ಅಲ್ಲಿ ನನ್ನ ಮುಂದೆ ಹತ್ತು ಪ್ರಶ್ನೆಗಳ ಒಂದು ಹಾಳೆ ಇಟ್ಟರು. 1987ರಲ್ಲಿ ಎಡಿನ್‌ಬರೋದಲ್ಲಿ ಬಾಣಂತಿಯರಿಗಾಗಿಯೇ ರೂಪಿಸಿದ ಅಳತೆಗೋಲು ಅದು, ಕನ್ನಡದಲ್ಲಿಯೂ ಇದೆ. ಕಳೆದ ಏಳು ದಿನಗಳಲ್ಲಿ ನಗಲು ಸಾಧ್ಯವಾಯಿತೇ, ಕಾರಣವಿಲ್ಲದೆ ನಿಮ್ಮನ್ನೇ ದೂಷಿಸಿಕೊಂಡಿರೇ, ದುಃಖದಿಂದ ನಿದ್ದೆ ಕೆಟ್ಟಿತೇ ಎಂಬಂಥ ಪ್ರಶ್ನೆಗಳು. ಹತ್ತನೆಯದು ತನಗೆ ತಾನು ಕೇಡು ಮಾಡಿಕೊಳ್ಳುವ ವಿಚಾರದ್ದು. ಒಟ್ಟು 30 ಅಂಕ, 13 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಖಿನ್ನತೆ ಇರುವ ಸಾಧ್ಯತೆ ಹೆಚ್ಚು. ನಾನು 13ನ್ನು ಬಹಳ ದಾಟಿದ್ದೆ.

ಅಗ್ಗಿಷ್ಟಿಗೆಯ ದೃಶ್ಯದ ಬಗ್ಗೆ ವೈದ್ಯೆ ಹೇಳಿದ ವಿವರಣೆಯನ್ನು ಪ್ರತಿಯೊಬ್ಬ ಬಾಣಂತಿಗೂ ಯಾರಾದರೂ ಮೊದಲೇ ಹೇಳಬೇಕು. ಇಂಥ ಬೇಡದ ದೃಶ್ಯಗಳು ಅನೇಕ ಹೊಸ ತಾಯಂದಿರಿಗೆ ಬರುತ್ತವೆ. ಅವು ಬಂದಾಗ ತಾಯಿ ನಡುಗುತ್ತಾಳೆ, ಕೂಸನ್ನು ಕಾಪಾಡಲೆಂದೇ ದೂರ ಸರಿಯುತ್ತಾಳೆ. ಅದು ಆಕೆ ಮಾಡಬೇಕೆಂದಿರುವ ಕೆಲಸವಲ್ಲ, ಆಕೆ ಭಯಪಡುವ ಸಂಗತಿ. ಹಿರಿಯರು ಬಾಣಂತಿ ಸನ್ನಿ ಎನ್ನುವುದು ಬೇರೆಯೇ ಕಾಯಿಲೆ. ಸಾವಿರ ಹೆರಿಗೆಗೆ ಒಬ್ಬಿಬ್ಬರಿಗೆ ಬರುವ ಅದು ಸಾಮಾನ್ಯವಾಗಿ ಮೊದಲ ಎರಡು ವಾರಗಳೊಳಗೆ ಕಾಣಿಸಿಕೊಳ್ಳುತ್ತದೆ: ಇಲ್ಲದ ದನಿ ಕೇಳಿಸುವುದು, ಯಾರೋ ಕೂಸನ್ನು ಬದಲಿಸಿದ್ದಾರೆ ಎನ್ನುವುದು, ನಿದ್ದೆಯೇ ಬೇಡವಾಗುವುದು. ಅದಕ್ಕೆ ಅದೇ ದಿನ ಆಸ್ಪತ್ರೆ ಸೇರಬೇಕು. ಸೇರಿದರೆ ಕೂಸನ್ನು ಕಸಿದುಕೊಳ್ಳುತ್ತಾರೆಂಬ ಭಯವೂ ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರ್ಪಡಿಸುವಂತಿಲ್ಲ, ಅಪಾಯವಿದೆ ಎಂದು ವೈದ್ಯರು ಕಂಡಾಗ ಮಾತ್ರ ತಾತ್ಕಾಲಿಕವಾಗಿ ಬೇರೆ ಇಡಬಹುದು.

ಖಿನ್ನತೆ ಎಂದು ಬರೆದ ಮೇಲೂ ಅವರು ರಕ್ತ ಪರೀಕ್ಷೆ ಮಾಡಿಸಿದರು. ಹೆರಿಗೆಯ ನಂತರ ಕೆಲವರಿಗೆ ಥೈರಾಯ್ಡ್ ಗ್ರಂಥಿ ಬಾತು, ಮೊದಲು ಹೆಚ್ಚು ಕೆಲಸ ಮಾಡಿ ಆಮೇಲೆ ಸೋಲುತ್ತದೆ; ಸುಸ್ತು, ಎದೆಬಡಿತ, ಮನಸ್ಸು ಕುಗ್ಗುವುದು ಎಲ್ಲವೂ ಅದರಿಂದಲೂ ಬರಬಹುದು. ನನ್ನ ಥೈರಾಯ್ಡ್ ಸರಿಯಿತ್ತು. ಹಿಮೋಗ್ಲೋಬಿನ್ ಮಾತ್ರ 8.2. ಬಾಣಂತಿಯಲ್ಲಿ 10ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಎನ್ನುತ್ತಾರೆ. ಮೆಟ್ಟಿಲೇರಿದರೆ ಏದುಸಿರು ಬರುತ್ತಿದ್ದದ್ದು ಇದಕ್ಕೇ.

ಮಾತ್ರೆಯಿಂದ ಏರಲು ಬಹಳ ಕಾಲ ಹಿಡಿಯುವುದರಿಂದ ರಕ್ತನಾಳದ ಮೂಲಕ ಕಬ್ಬಿಣಾಂಶ ಕೊಡಲು ಸ್ತ್ರೀರೋಗ ತಜ್ಞರ ಬಳಿಗೆ ಕಳಿಸಿದರು. ಅವರು ಕೇಳಿದ್ದು ಆ ಎರಡು ಅಂಕಿಗಳನ್ನು: ಹೆರಿಗೆಯಲ್ಲಿ ಹೋದ ರಕ್ತ, ಆಗಿನ ಹಿಮೋಗ್ಲೋಬಿನ್. ಜೊತೆಗೆ ರಕ್ತ ಏರಿಸಿದ್ದರೇ ಎಂಬ ದಾಖಲೆಯನ್ನೂ ಕೇಳಿದರು. ಹೆತ್ತ ಆಸ್ಪತ್ರೆಯಲ್ಲಿ ದಾಖಲೆ ವಿಭಾಗದವರು ಇಂದು ಬಾ, ನಾಳೆ ಬಾ ಎಂದರು. ಕಡತ ಗೋದಾಮಿನಲ್ಲಿದೆ ಎಂದರು. ರೋಗಿ ಕೇಳಿದ 72 ಗಂಟೆಗಳೊಳಗೆ ದಾಖಲೆ ಕೊಡಬೇಕೆಂದು 2002ರ ವೈದ್ಯಕೀಯ ನೀತಿ ನಿಯಮಾವಳಿಯಲ್ಲಿಯೇ ಇದೆ. ಅದನ್ನು ಉಲ್ಲೇಖಿಸಿ ಅರ್ಜಿ ಬರೆದು, ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡ ಮೇಲೆ ಕಡತ ಗೋದಾಮಿನಿಂದ ಎದ್ದು ಬಂತು. ಬಿಡುಗಡೆಯ ದಿನವೇ ಈ ಅಂಕಿಗಳನ್ನು ಬರೆಸಿಕೊಂಡರೆ ಇಷ್ಟು ಅಲೆದಾಟ ಇಲ್ಲ. ಕಬ್ಬಿಣಾಂಶದ ಇಂಜೆಕ್ಷನ್ನಿಗೆ ಹೊರಗಿನ ಅಂಗಡಿಯಲ್ಲಿ ಎರಡು ಸಾವಿರದ ಮೇಲಾಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ದಾಸ್ತಾನಿದ್ದರೆ ಹಣ ಬೀಳುವುದಿಲ್ಲ, ಮೊದಲು ಅಲ್ಲಿ ವಿಚಾರಿಸಿ.

ಮನಸ್ಸಿಗೆ ಕೊಟ್ಟದ್ದು ಸರ್ಟ್ರಾಲಿನ್. ಹಾಲು ನಿಲ್ಲಿಸಬೇಕಾದೀತೆಂದು ಹೆದರಿದ್ದೆ. ಎದೆಹಾಲಿಗೆ ಬಹಳ ಕಡಿಮೆ ಪ್ರಮಾಣದಲ್ಲಿ ಹೋಗುವುದರಿಂದಲೇ ಬಾಣಂತಿಯರಿಗೆ ಇದನ್ನು ಆಯ್ದುಕೊಳ್ಳುತ್ತಾರೆಂದು ವೈದ್ಯೆ ವಿವರಿಸಿದರು. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ದಿನಗಳಲ್ಲಿ ಹೊಟ್ಟೆ ತೊಳಸಿ ಬರುತ್ತಿತ್ತು, ಆಮೇಲೆ ನಿಂತಿತು. ಮಾತ್ರೆಯಷ್ಟೇ ಮುಖ್ಯವೆಂದು ಅವರು ಬರೆದುಕೊಟ್ಟದ್ದು ರಾತ್ರಿಯ ನಿದ್ದೆ: ಐದು ತಾಸು ಒಟ್ಟಿಗೆ, ನಡುವೆ ಎಬ್ಬಿಸಬಾರದು. ನಾನು ಮಲಗುವ ಮುನ್ನ ಹಾಲು ಹಿಂಡಿ ಫ್ರಿಜ್ಜಿನಲ್ಲಿಡುತ್ತಿದ್ದೆ, ನಡುರಾತ್ರಿಯ ಸರದಿಗೆ ನಮ್ಮ ಮನೆಯವರು ಅದನ್ನು ಬಿಸಿನೀರಿನಲ್ಲಿಟ್ಟು ಒಳಲೆಯಿಂದ ಕುಡಿಸುತ್ತಿದ್ದರು. ಮೊದಲು ಅರ್ಧ ಹಾಲು ಕೂಸಿನ ಕೊರಳಿಗೇ ಹೋಗುತ್ತಿತ್ತು. ಅತ್ತೆ ತೋರಿಸಿಕೊಟ್ಟ ಮೇಲೆ ಕೈ ಕೂಡಿತು.

ಇನ್ನೊಂದು ಸಂಗತಿಯನ್ನು ಹೆಂಗಸರು ಹೆಂಗಸರ ಎದುರಿಗೂ ಹೇಳುವುದಿಲ್ಲ. ಕೆಮ್ಮಿದರೆ, ಸೀನಿದರೆ, ಕೊಡ ಎತ್ತಿದರೆ ನನಗೆ ಮೂತ್ರ ಜಾರುತ್ತಿತ್ತು. ಸಿಸೇರಿಯನ್ ಆದವರಿಗೆ ಇದು ಬರುವುದಿಲ್ಲವೆಂಬುದು ಸುಳ್ಳು. ಬಸಿರಿನ ಭಾರವೇ ಕೆಳಗಿನ ಸ್ನಾಯುಗಳನ್ನು ಸಡಿಲಿಸಿರುತ್ತದೆ. ಫಿಸಿಯೋಥೆರಪಿಸ್ಟ್ ಒಬ್ಬರು ಕಲಿಸಿದ್ದು ಹೀಗೆ: ಅಂಗಾತ ಮಲಗಿ ಮೊಣಕಾಲು ಮಡಚಿ, ಮೂತ್ರವನ್ನೂ ವಾಯುವನ್ನೂ ಒಟ್ಟಿಗೆ ತಡೆಯುವಂತೆ ಒಳಗಿನ ಸ್ನಾಯುವನ್ನು ಮೇಲಕ್ಕೆಳೆದು, ಉಸಿರು ಹಿಡಿಯದೆ ಕೆಲವು ಎಣಿಕೆಯವರೆಗೆ ನಿಲ್ಲಿಸಿ, ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡುವುದು. ಹೊಟ್ಟೆ, ತೊಡೆ, ಪಿರ್ರೆ ಬಿಗಿಯಬಾರದು. ಒಮ್ಮೆಗೆ ಎಂಟು-ಹತ್ತು, ದಿನಕ್ಕೆ ಮೂರು ಹೊತ್ತು, ಕನಿಷ್ಠ ಮೂರು ತಿಂಗಳು. ಮೂತ್ರ ಮಾಡುತ್ತಿರುವಾಗಲೇ ತಡೆದು ಅಭ್ಯಾಸ ಮಾಡುವುದು ತಪ್ಪು. ಕೂಸಿಗೆ ಹಾಲು ಕುಡಿಸುವ ಹೊತ್ತಿಗೇ ಇದನ್ನು ಜೋಡಿಸಿಕೊಂಡೆ, ಮರೆಯುವ ಮಾತೇ ಬರಲಿಲ್ಲ. ಈಗ ಸೀನಿಗೆ ಹೆದರುವುದಿಲ್ಲ, ಕೊಡಕ್ಕೆ ಮಾತ್ರ ಇನ್ನೂ ಸ್ವಲ್ಪ ಹೆದರುತ್ತೇನೆ.

ರಜೆಯ ವಿಚಾರ ಕೊನೆಗೆ ಬಂತು. ನಾನು ಖಾಸಗಿ ಶಾಲೆಯೊಂದರ ಶಿಕ್ಷಕಿ. ಹೆರಿಗೆ ಸೌಲಭ್ಯದ ಕಾನೂನಿನಂತೆ 26 ವಾರಗಳ ಸಂಬಳಸಹಿತ ರಜೆ ಇದೆ, ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು. ಅದೇ ಕಾನೂನಿನ ಪ್ರಕಾರ ಬಸಿರು ಅಥವಾ ಹೆರಿಗೆಯಿಂದ ಉಂಟಾದ ಕಾಯಿಲೆಗೆ ಇನ್ನೂ ಒಂದು ತಿಂಗಳವರೆಗೆ ರಜೆ ಪಡೆಯಬಹುದು ಎಂಬುದು ಶಾಲೆಯ ಕಚೇರಿಯವರಿಗೇ ಗೊತ್ತಿರಲಿಲ್ಲ. ವೈದ್ಯರ ಪ್ರಮಾಣಪತ್ರ ಬೇಕು. ಮನೋವೈದ್ಯರ ಮುದ್ರೆಯಿರುವ ಕಾಗದ ಕೊಡಲು ನಾನು ಬಹಳ ಹಿಂಜರಿದೆ. ಸಂಕೋಚವನ್ನು ಹೇಳಿಕೊಂಡಾಗ ಸ್ತ್ರೀರೋಗ ತಜ್ಞರೇ ‘ಹೆರಿಗೆಯ ನಂತರದ ರಕ್ತಹೀನತೆ ಮತ್ತು ಸಂಬಂಧಿತ ತೊಂದರೆಗಳು’ ಎಂದು ಬರೆದುಕೊಟ್ಟರು, ಅದು ಸುಳ್ಳೂ ಅಲ್ಲ. ರಜೆ ಮಂಜೂರಾಯಿತು. ಕೆಲಸಕ್ಕೆ ಮರಳಿದ ಮೇಲೆ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಬಾರಿ ಹಾಲೂಡಿಸಲು ಬಿಡುವು ಕೊಡಬೇಕೆಂಬುದೂ ಅದೇ ಕಾನೂನಿನಲ್ಲಿದೆ. ನಮ್ಮ ಮನೆ ಶಾಲೆಯ ಹಿಂದಿನ ಓಣಿಯಲ್ಲೇ ಇರುವುದರಿಂದ ಆ ಬಿಡುವು ನನಗೆ ನಿಜಕ್ಕೂ ಉಪಯೋಗಕ್ಕೆ ಬರುತ್ತಿದೆ.

ಹಿಮೋಗ್ಲೋಬಿನ್ ಈಗ 11 ದಾಟಿದೆ. ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಯನ್ನು ಹೆರಿಗೆಯ ನಂತರ 180 ದಿನ ನುಂಗಬೇಕೆಂಬ ಸರ್ಕಾರದ ಸೂಚನೆಯನ್ನು ಪೂರ್ತಿ ಪಾಲಿಸಿದೆ. ಅದನ್ನು ಚಹಾದ ಜೊತೆ ತೆಗೆದುಕೊಳ್ಳಬಾರದು, ನಿಂಬೆಹಣ್ಣಿನ ಪಾನಕದ ಜೊತೆಗಾದರೆ ಒಳ್ಳೆಯದು. ಸರ್ಟ್ರಾಲಿನ್ ಇನ್ನೂ ನಡೆದಿದೆ. ಮನಸ್ಸು ಹಗುರಾದ ಮೇಲೆಯೂ ಆರು ತಿಂಗಳಾದರೂ ಮುಂದುವರಿಸಬೇಕು, ಬಿಡುವಾಗ ವೈದ್ಯರ ಸಲಹೆಯಂತೆ ಸ್ವಲ್ಪಸ್ವಲ್ಪವೇ ಇಳಿಸಬೇಕು. ಮುಂದಿನ ಭೇಟಿ ಯುಗಾದಿಯ ನಂತರ. ಅತ್ತೆ ತಾವೂ ಬರುತ್ತೇನೆಂದಿದ್ದಾರೆ; ಅವರಿಗೂ ವರ್ಷಗಳಿಂದ ನಿದ್ದೆ ಸರಿಯಿಲ್ಲವಂತೆ, ಅಲ್ಲಿಯೇ ತೋರಿಸುತ್ತಾರಂತೆ.